ಬೇಸಗೆಯ ಮಲೆಗೆ ಹೇಮಂತದ ಯಾತ್ರಿಕರು

ಈಶಾನ್ಯ ಮಾರುತದ ಕಡೆಯ ಮೋಡಗಳು ಕರಗಿ ಮಾರ್ಗಳಿ ತಿಂಗಳ ಬೆಳಗುಗಳು ನಿರ್ಮಲವಾಗುವ ಹೊತ್ತಿಗೆ, ಒಂದು ಕಡೆ ಮೇಘಮಲೆಯೂ ಮತ್ತೊಂದು ಕಡೆ ಏಲಕ್ಕಿಯ ಬೆಟ್ಟಗಳೂ ಕಾವಲು ನಿಂತಿರುವ ಕಂಬಂ ಕಣಿವೆಯಿಂದ ಮೊದಲ್ಗೊಂಡು, ತೇನಿ ಪೆರಿಯಕುಳಗಳನ್ನು ದಾಟಿ ಪಳನಿ ಮಲೆಯ ತಪ್ಪಲಿನವರೆಗೆ, ಶನಿವಾರ ಬಂದಿತೆಂದರೆ ಒಂದು ನೂತನ ಯಾತ್ರಿಕವರ್ಗ ಕಾಣಿಸಿಕೊಳ್ಳುತ್ತದೆ. ಕೊರಳಲ್ಲಿ ದುರ್ಬೀನು, ಬೆನ್ನಿನ ಮೇಲೆ ಕ್ಯಾಮರಾ, ಕಾಲಿಗೆ ಓಟದ ಬೂಟು. ದೇವರ ಹರಕೆಯೂ ಇಲ್ಲ, ವ್ಯಾಪಾರದ ಗರಜೂ ಇಲ್ಲ. ಆದರೆ ಕೊಡೈಕನಾಲಿನ ಈ ಮಲೆಗೆ ಸಂತೋಷಕ್ಕಾಗಿ ಛಳಿಯಲ್ಲಿ ಹೋಗುವುದೆಂಬುದು ತೀರ ಇತ್ತೀಚಿನ ಸಂಗತಿ. ಬಹುಕಾಲ ಅದು ಬೇಸಗೆಯವರ ಊರು.

ಮಲೆಯನ್ನು ಮೊದಲು ಅರಿತವರು ವಿಹಾರಿಗಳಲ್ಲ, ಬೇಸಾಯಗಾರರು ಮತ್ತು ದನಗಾಹಿಗಳು. ಕಂಬಂ ಕಣಿವೆಯಲ್ಲಿ ಇಂದಿಗೂ ಮನೆಯೊಳಗೆ ಕನ್ನಡವಾಡುವ ಒಕ್ಕಲಿಗರು, ಕಪ್ಪಿಲಿಯರೆಂದೂ ಕರೆಯಿಸಿಕೊಳ್ಳುವವರು, ಮೈಸೂರು ಸೀಮೆಯಿಂದ ಬಂದು ನೆಲಸಿದವರೆಂದು ಪ್ರತೀತಿ. ಕಂಬಂನಲ್ಲಿ ನಂದಗೋಪಾಲನ ಹೆಸರಿನಲ್ಲಿ ಅವರು ಸಾಕಿಕೊಂಡು ಬಂದಿರುವ ಹಿಂಡನ್ನು ತಮಿಳರು ‘ತಂಬಿರಾನ್ ಮಾಡು’ ಎನ್ನುತ್ತಾರೆ. ಇವರ ಮಾತಿನಲ್ಲಿ ಅದು ‘ದೇವರ ಆವು’. ಹಿಂಡಿಗೊಂದು ಪಟ್ಟದ ಹೋರಿಯುಂಟು. ಅದು ತೀರಿಕೊಂಡರೆ, ಹಿಂಡಿನ ಮುಂದೆ ಕಬ್ಬಿನ ಕಟ್ಟನ್ನಿಟ್ಟು ಉತ್ತರಾಧಿಕಾರಿಯನ್ನು ಆರಿಸುವ ಪದ್ಧತಿಯನ್ನು ಹಳೆಯ ಗ್ರಂಥಗಳು ವರ್ಣಿಸಿವೆ. ಜನವರಿಯ ಮಾಟ್ಟುಪೊಂಗಲಿನಂದು ಸುತ್ತಣ ಊರವರೆಲ್ಲ ಅಲ್ಲಿ ನೆರೆಯುತ್ತಾರೆ. ಮಲೆಗೆಂದು ಬಂದ ಕನ್ನಡಿಗರು ಆ ದಿನ ಕಂಬಂಗೆ ಇಳಿಯದೆ ಹಿಂದಿರುಗುವುದು ನನ್ನ ಮಟ್ಟಿಗೆ ಅರಸಿಕತನವೇ ಸರಿ.

1821ರಲ್ಲಿ ಲೆಫ್ಟಿನೆಂಟ್ ಬಿ. ಎಸ್. ವಾರ್ಡ್ ಎಂಬ ಮೋಜಣಿದಾರನು ಮಲೆವಾಸಿ ಕುನ್ನವರ ಹಳ್ಳಿಯಾದ ವೆಳ್ಳಗವಿಯಲ್ಲಿ ಬಿಡಾರ ಹೂಡಿ, ಅಲ್ಲಿಂದ ಮೇಲಣ ಪ್ರಸ್ಥಭೂಮಿಯನ್ನು ಏರಿ ಅಳೆದನು. ಅನಂತರ ಬಂದವರು ಅಮೆರಿಕದ ಮಧುರೈ ಮಿಷನ್ನಿನವರು. ಬಯಲಿನ ಜ್ವರಕ್ಕೂ ವಾಂತಿಭೇದಿಗೂ ತಮ್ಮವರನ್ನು ಬಲಿಗೊಟ್ಟು ಕಂಗೆಟ್ಟಿದ್ದ ಅವರು 1845ರಲ್ಲಿ ಮೇಲೆ ಎರಡು ಬಂಗಲೆಗಳನ್ನು ಕಟ್ಟಿಸಿದರು. ಸುಖವನ್ನರಸಿ ಬಂದವರಲ್ಲ, ಸಾವಿಗಂಜಿ ಓಡಿ ಬಂದವರು. ಏಪ್ರಿಲ್ ಮೇ ತಿಂಗಳುಗಳಲ್ಲಿ ದೊರೆಸಾನಿಯರೂ ಮಕ್ಕಳೂ ಕಾಲುದಾರಿಯಲ್ಲಿ ಡೋಲಿಯೇರಿ ಸಾಗುತ್ತಿದ್ದರು. ಆ ಡೋಲಿಗಳಿಗೆ ಹೆಗಲು ಕೊಟ್ಟವರ ಹೆಸರು ಯಾವ ಚರಿತ್ರೆಯಲ್ಲಿಯೂ ಇಲ್ಲ.

ಆದರೆ ಪಾದ್ರಿಯೊಬ್ಬರ ಹೆಸರು ಹಕ್ಕಿಯ ರೆಕ್ಕೆಯ ಮೇಲೆ ಉಳಿಯಿತು. ಅಹಮದನಗರದಲ್ಲಿದ್ದ ಸ್ಯಾಮ್ಯುಯಲ್ ಫೇರ್‌ಬ್ಯಾಂಕರು ಈ ಮಲೆಯಲ್ಲಿ ಸಂಗ್ರಹಿಸಿದ ನಗೆಮಲ್ಲನಿಗೆ 1869ರಲ್ಲಿ ಪ್ರಕೃತಿವಿಜ್ಞಾನಿ ಬ್ಲಾನ್‌ಫರ್ಡರು ಈ ಪಾದ್ರಿಯ ಹೆಸರನ್ನೇ ಇಟ್ಟರು. ಬೂದುಬಣ್ಣದ ಎದೆ, ಬಿಳಿಯ ಹುಬ್ಬು, ಇಟ್ಟಿಗೆಗೆಂಪಿನ ಹೊಟ್ಟೆ. ಕೊಡೈಯ ಬೇಲಿಸಾಲುಗಳಲ್ಲಿ ಗುಂಪುಗೂಡಿ ಒಂದು ನಗತೊಡಗಿದರೆ ಮಿಕ್ಕವು ಅದನ್ನೆತ್ತಿಕೊಳ್ಳುತ್ತವೆ. ಬಿಳಿಹೊಟ್ಟೆಯ ನೀಲಿ ಶೋಲಕಿಳಿಯಾದರೋ ಇದಕ್ಕೆ ತದ್ವಿರುದ್ಧ. ಒಂಟಿಯಾಗಿ, ಮಬ್ಬುಗತ್ತಲಿನ ತರಗೆಲೆಗಳ ಮೇಲೆ ನಾಲ್ಕು ಹೆಜ್ಜೆ ಕುಪ್ಪಳಿಸಿ ಮರೆಯಾಗುವ ಪ್ರಾಣಿ. ಪಾಲಕ್ಕಾಡಿನ ತಗ್ಗಾದ ಬಿಸಿ ಕಣಿವೆಯನ್ನು ಈ ಛಳಿನಾಡಿನ ಹಕ್ಕಿಗಳು ದಾಟಲಾರದೆ ಹೋದುದರಿಂದ ನೀಲಗಿರಿಯ ಬಂಧುಗಳೂ ಇಲ್ಲಿಯವೂ ಯುಗಾಂತರಗಳಲ್ಲಿ ಬೇರೆ ಬೇರೆ ಪ್ರಭೇದಗಳೇ ಆದುವು. 2017ರಲ್ಲಿ ವಿ. ವಿ. ರಾಬಿನ್ ಮತ್ತು ಅವರ ಸಂಗಡಿಗರು ವಂಶವಾಹಿಗಳ ಪರೀಕ್ಷೆಯಿಂದ, ಪಶ್ಚಿಮಘಟ್ಟಗಳ ನಗೆಮಲ್ಲ, ಶೋಲಕಿಳಿ ಎಂಬ ಈ ಎರಡು ಬಳಗಗಳಿಗೂ ಪ್ರತ್ಯೇಕ ಕುಲಗಳನ್ನು ಸ್ಥಾಪಿಸಿದರು.

ಛಳಿಗಾಲದ ಛಾಯಾಗ್ರಹಣಕ್ಕೆ ಇಲ್ಲಿ ಮೂಲಪುರುಷರನ್ನು ಹುಡುಕುವುದಾದರೆ ಅವರು ಸೂರ್ಯನ ಚಿತ್ರ ತೆಗೆದವರು. 1899ರಲ್ಲಿ ಸ್ಥಾಪಿತವಾಗಿ ಇಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಗೆ ಸೇರಿರುವ ಕೊಡೈಯ ಸೌರ ವೀಕ್ಷಣಾಲಯದಲ್ಲಿ, ಇಪ್ಪತ್ತನೆಯ ಶತಮಾನದ ಆರಂಭದಿಂದಲೂ ಮೋಡವಿಲ್ಲದ ದಿನಗಳಲ್ಲಿ ಸೂರ್ಯಬಿಂಬವನ್ನು ಗಾಜಿನ ಫಲಕಗಳ ಮೇಲೆ ಮೂಡಿಸುತ್ತ ಬಂದರು. ಮಳೆ ಹೋಗಿ ಆಕಾಶ ತೊಳೆದಂತಿದ್ದ 1909ರ ಜನವರಿಯಲ್ಲಿಯೇ ಅಲ್ಲಿಯ ವಿಜ್ಞಾನಿ ಜಾನ್ ಎವರ್‌ಶೆಡ್ ಸೌರಕಲೆಗಳಿಂದ ಹೊರಮುಖವಾಗಿ ಹರಿಯುವ ಅನಿಲಪ್ರವಾಹವನ್ನು ಕಂಡುಹಿಡಿದರು. ಬೇಸಗೆಯ ಅತಿಥಿಗಳು ಬಿಟ್ಟುಹೋದ ಋತುವು ವಿಜ್ಞಾನಿಗೆ ಒದಗಿತು.

ಆ ನಿರ್ಮಲಾಕಾಶವೇ ಇಲ್ಲಿ ಹುಲ್ಲಿನ ಮೇಲೆ ಕೂರುವ ಹಿಮಕ್ಕೂ ಕಾರಣ. ಮೋಡದ ಹೊದಿಕೆಯಿಲ್ಲದ ಇರುಳಿನಲ್ಲಿ ನೆಲದ ಶಾಖವೆಲ್ಲ ಮೇಲಕ್ಕೆ ಸೋರಿಹೋಗಿ, ತಣ್ಣಗಾದ ಗಾಳಿ ಭಾರವಾಗಿ ತಗ್ಗುಗಳಿಗೆ ಇಳಿಯುತ್ತದೆ. ಆದುದರಿಂದಲೇ ಮನ್ನವನೂರಿನ ಕಡೆ ದಿಣ್ಣೆಯ ಮರಗಳು ಹಸಿರಾಗಿರುವಾಗ ಕೆಳಗಣ ಹುಲ್ಲು ಉಪ್ಪೆರಚಿದಂತೆ ಬೆಳ್ಳಗಿರುತ್ತದೆ. ಆ ಚಿತ್ರವನ್ನು ಹಿಡಿಯಬೇಕಾದವರು ಬಿಸಿಲು ತಾಕುವ ಮೊದಲು ಮೊಣಕಾಲೂರಿ ಕುಳಿತಿರಬೇಕು. ಛಳಿಗೆ ಬ್ಯಾಟರಿ ಬೇಗ ಸೋಲುವುದರಿಂದ ಎರಡನೆಯದನ್ನು ಒಳ ಅಂಗಿಯ ಜೇಬಿನಲ್ಲಿಟ್ಟುಕೊಂಡಿರಬೇಕು. ಕ್ಯಾಮರಾವನ್ನು ಬಿಸಿ ಕೋಣೆಗೆ ಒಯ್ಯುವ ಮುನ್ನ ಚೀಲದಲ್ಲಿ ಬಿಗಿಯಾಗಿ ಕಟ್ಟದಿದ್ದರೆ ಮಸೂರಕ್ಕೆ ಮಂಜು ಕೂರುತ್ತದೆ. 1863ರಲ್ಲಿ ವೀರ್ ಲೆವಿಂಜ್ ಎಂಬ ಅಧಿಕಾರಿ ಕಟ್ಟಿಸಿದ ಊರ ಕೆರೆಯನ್ನು ಸುತ್ತಿ ಓಡುವವರ ಫಜೀತಿ ಬೇರೆ: ಸುಮಾರು 2100 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕಿಂತ ಐದರಲ್ಲೊಂದು ಪಾಲು ಕಡಮೆಯಾದ್ದರಿಂದ, ಬಯಲಿನಲ್ಲಿ ಹಾಡುತ್ತ ಓಡುವವನೂ ಮೊದಲ ದಿನ ಇಲ್ಲಿ ಏದುಸಿರು ಬಿಡುತ್ತಾನೆ.

1916ರಲ್ಲಿ ಘಾಟಿಯ ರಸ್ತೆ ಮೋಟಾರುಗಳಿಗೆ ತೆರೆದಮೇಲೆ ಕಾಲುದಾರಿಗಳಿಗೆ ಗತಿ ತಪ್ಪಿತು. ವೆಳ್ಳಗವಿಯವರು ಮಾತ್ರ ಕಾಫಿಯನ್ನೂ ಹಣ್ಣನ್ನೂ ಹೊತ್ತು, ಕುದುರೆಗಳ ಮೇಲೆ ಹೇರಿ, ಅದೇ ಹಾದಿಯನ್ನು ತುಳಿಯುತ್ತ ಬಂದರು. ವಿಹಾರಿಗಳು ಆ ಹಾದಿಗಳಿಗೆ ಮರಳಿದುದು ತಲೆಮಾರುಗಳ ತರುವಾಯ. 2018ರ ಮಾರ್ಚ್ 11ರಂದು ಬೋಡಿಯ ಬಳಿಯ ಕುರಂಗಣಿಯ ಮಲೆಯಲ್ಲಿ ಒಣಹುಲ್ಲಿಗೆ ಹತ್ತಿದ ಕಾಳ್ಗಿಚ್ಚಿನಲ್ಲಿ 20ಕ್ಕೂ ಹೆಚ್ಚು ಚಾರಣಿಗರು ಬಲಿಯಾದರು. ಹಾದಿಗಳು ಮುಚ್ಚಿದುವು, ನಿಯಮಗಳು ಹುಟ್ಟಿದುವು. 2024ರ ಅಕ್ಟೋಬರಿನಲ್ಲಿ ತಮಿಳುನಾಡು ಸರಕಾರವು 40 ಚಾರಣಪಥಗಳನ್ನು ಹಣ ಕಟ್ಟಿ, ಮಾರ್ಗದರ್ಶಿಯೊಡನೆ ಹೋಗುವಂತೆ ತೆರೆದಾಗ ವಟ್ಟಕನಾಲಿನಿಂದ ವೆಳ್ಳಗವಿಗೆ ಇಳಿಯುವ ಹಾದಿಯೂ, ಕುರಂಗಣಿಯ ಹಾದಿಯೂ ಅವುಗಳಲ್ಲಿ ಸೇರಿದುವು. ಬೆಂಕಿಯ ಕಾಲದಲ್ಲಿ ಚಾರಣಕ್ಕೆ ತಡೆಯುಂಟು. ಹೀಗೆ, ಬೇಸಗೆಯ ಭಯದಿಂದ ಆರಂಭವಾದ ಆರೋಹಣವು ಬೇಸಗೆಯ ಭಯದಿಂದಲೇ ಛಳಿಗಾಲಕ್ಕೆ ಸರಿಯಿತು. ವೆಳ್ಳಗವಿಯ ಊರೊಳಗೆ ಗುಡಿಗಳೇ ತುಂಬಿರುವುದರಿಂದ ಯಾರೂ ಮೆಟ್ಟು ಹಾಕುವಂತಿಲ್ಲ. ಎಂಥ ಬೆಲೆಯ ಓಟದ ಬೂಟಾದರೂ ಊರ ಗಡಿಯಲ್ಲಿ ಕಳಚಿ ಕೈಯಲ್ಲಿ ಹಿಡಿಯತಕ್ಕದ್ದು.