ಜೌಗು ಮೂಲೆಗೆ ಬಜೆ

ಅಡಿಕೆಯೂ ಏಳದ, ಕಾಫಿಯೂ ಬಾರದ ಜೌಗು ಮೂಲೆಯೊಂದು ನಮ್ಮಲ್ಲಿ ಹಲವರ ತೋಟದಲ್ಲಿ ಉಂಟು. ಬಜೆಗೆ ಅದೇ ಹಿತ. ತುಮಕೂರು ಜಿಲ್ಲೆಯ ಕೊರಟಗೆರೆ ಸೀಮೆಯ ರೈತರು ಇದನ್ನು ಭತ್ತದಂತೆ ಗದ್ದೆಯಲ್ಲೇ ಬೆಳೆಯುತ್ತಾರೆ. ಕೊಪ್ಪಳದ ಕಡೆಯ ಹುಲಿಹೈದರದಂತಹ ಒಣ ಸೀಮೆಯಲ್ಲಾದರೆ, ಬಾವಿಯ ಬಳಿ ನೀರು ನಿಲ್ಲುವಲ್ಲಿ ನಾಲ್ಕು ಗೆಡ್ಡೆ ಊರಿದರೂ ಮನೆಗೆ ಸಾಕು.

ಮುಂಗಾರು ಹಿಡಿದ ಮೇಲೆ ಮೊಳಕೆಯುಳ್ಳ ತುಂಡುಗಳನ್ನು ಒಂದಡಿ ಅಂತರದಲ್ಲಿ ನೆಟ್ಟು, ನೀರು ಆರದಂತೆ ನೋಡಿಕೊಳ್ಳಬೇಕು. ವರ್ಷದೊಳಗೆ ಎಲೆ ಹಳದಿಯಾಗಿ ಒಣಗತೊಡಗಿದಾಗ ಅಗೆದು, ನಾರುಬೇರು ಕಳೆದು, ನೆರಳಿನಲ್ಲಿ ಒಣಗಿಸುವುದು. ಒಂದಷ್ಟು ತುಂಡುಗಳನ್ನು ಮತ್ತೆ ನೆಟ್ಟರೆ ಬೀಜದ ಖರ್ಚಿಲ್ಲ.

ಒಣ ಬೇರಿನ ಪುಡಿಯನ್ನು ಬಿತ್ತನೆಯ ಹೆಸರು, ಅಲಸಂದೆಗೆ ಬೆರೆಸಿಟ್ಟರೆ ಹುಳುವಿನ ಕಾಟ ಕಡಿಮೆ. ಊಟದ ಕಾಳಿಗೆ ಬೇಡ.

ಇನ್ನೊಂದು ಮಾತನ್ನು ಅಜ್ಜಿಯರ ಕ್ಷಮೆ ಕೇಳಿಯೇ ಬರೆಯುತ್ತಿದ್ದೇವೆ. ಎಳೆಗೂಸಿಗೆ ಬಜೆ ತೇಯ್ದು ನೆಕ್ಕಿಸುವುದು ನಮ್ಮ ಮನೆಗಳಲ್ಲೂ ನಡೆದುಬಂದದ್ದೇ. ಆದರೆ ನಮ್ಮ ನಾಡಿನ ಬಜೆಯಲ್ಲಿ ಬೀಟಾ ಅಸರೋನ್ ಎಂಬ ಅಂಶ ಹೆಚ್ಚು. ಬಜೆ ಎಣ್ಣೆ ತಿನ್ನಿಸಿದ ಇಲಿಗಳಲ್ಲಿ ಕ್ಯಾನ್ಸರ್ ಗಂಟು ಕಂಡದ್ದರಿಂದ ಅಮೆರಿಕ 1968ರಲ್ಲೇ ಬಜೆಯನ್ನು ಆಹಾರದಲ್ಲಿ ನಿಷೇಧಿಸಿತು. ಕೂಸುಗಳಿಗೆ ವಾಂತಿ ಹತ್ತಿದ್ದೂ ಉಂಟು. ಮಗುವಿಗೆ ಹೊಟ್ಟೆ ಉಬ್ಬರಿಸಿದರೆ ವೈದ್ಯರಿಗೆ ತೋರಿಸಿರಿ.