ಕಲ್ಲಿನ ಬರಹ ಅಳಿಸಲು ಯಾರಿಗೆ ಅಧಿಕಾರ?

ಕಂಪ್ಯೂಟರಿನ ಪರದೆಯಿಂದ ಬೇಡವಾದ ಬರಹವನ್ನು ತೆಗೆದುಹಾಕುವ ಗುಂಡಿಗೆ ಕನ್ನಡದಲ್ಲಿ ‘ಅಳಿಸು’ ಎಂಬ ಹೆಸರು ನಿಂತಿದೆ. ಒತ್ತಿದರೆ ಮುಗಿಯಿತು, ಯಾರೂ ಶಾಪ ಹಾಕುವುದಿಲ್ಲ. ಆದರೆ ಕನ್ನಡ ಬರವಣಿಗೆಯ ಚರಿತ್ರೆಯಲ್ಲಿ ಈ ಮಾತಿನ ಮೂಲ ಧಾತು ಕಾಣಿಸಿಕೊಳ್ಳುವುದೇ ಶಾಪದ ಜೊತೆಯಲ್ಲಿ. ಕ್ರಿ.ಶ. 450ರ ಸುಮಾರಿನದೆಂದು ಹೇಳಲಾಗುವ ಹಲ್ಮಿಡಿ ಶಾಸನವು ದತ್ತಿಯ ವಿವರ ಕೊಟ್ಟು, ಅದನ್ನು ‘ಅಳಿಯುವವನಿಗೆ’ ಮಹಾಪಾತಕ ತಟ್ಟುತ್ತದೆಂದು ಎಚ್ಚರಿಸಿ ಮುಗಿಯುತ್ತದೆ. ಅಲ್ಲಿ ‘ಅಳಿ’ ಎಂದರೆ ಹಾಳುಮಾಡು, ಇಲ್ಲವಾಗಿಸು ಎಂದರ್ಥ. ಕೊಟ್ಟ ಭೂಮಿಯನ್ನು ಕಿತ್ತುಕೊಳ್ಳುವುದೂ ಕೊಟ್ಟೆನೆಂದು ಬರೆದ ಅಕ್ಷರವನ್ನು ಕೆಡಿಸುವುದೂ ಅಂದಿನವರ ಲೆಕ್ಕದಲ್ಲಿ ಹೆಚ್ಚುಕಡಿಮೆ ಒಂದೇ ಅಪರಾಧ. ಕಲ್ಲು ಹೋದರೆ ಹಕ್ಕಿಗೆ ಬೇರೆ ಸಾಕ್ಷಿಯಾದರೂ ಎಲ್ಲಿತ್ತು?

ಹಲವರು ಸೇರಿ ಬರೆಸಿದ್ದನ್ನು ಯಾರು ಅಳಿಸಬಹುದು, ಯಾವಾಗ ಅಳಿಸಬಹುದು ಎಂಬ ಪ್ರಶ್ನೆ ಹೀಗೆ ತೀರಾ ಹಳೆಯದು. ಅದಕ್ಕೆ ನಮ್ಮವರು ಕಂಡುಕೊಂಡ ಉತ್ತರವನ್ನು ನೋಡಲು ಮಂಡ್ಯ, ಮದ್ದೂರು, ಮಳವಳ್ಳಿ ತಾಲ್ಲೂಕುಗಳಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ ಎನ್ನಬಹುದು. ಗಂಗರು, ರಾಷ್ಟ್ರಕೂಟರು, ಚೋಳರು, ಹೊಯ್ಸಳರು, ವಿಜಯನಗರದವರು, ಮೈಸೂರು ಒಡೆಯರು ಎಲ್ಲರೂ ಈ ಸೀಮೆಯಲ್ಲಿ ಬರಹ ಬಿಟ್ಟುಹೋಗಿದ್ದಾರೆ. ಬಿ.ಎಲ್. ರೈಸ್ ಅವರು 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಇವು ಮೊದಲು ಅಚ್ಚಾದವು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಹೊರತಂದ ಪರಿಷ್ಕೃತ ಆವೃತ್ತಿಯ ಏಳನೆಯ ಸಂಪುಟ, ಈ ಮೂರು ತಾಲ್ಲೂಕುಗಳ ಜೊತೆಗೆ ನಾಗಮಂಗಲವನ್ನೂ ಸೇರಿಸಿಕೊಂಡು 1979ರಲ್ಲಿ ಬಂತು. (ಕದಂಬರ ಕಾಲದ ಪ್ರಾಕೃತ ಶಾಸನದಿಂದ ಹೆಸರಾದ ಮಳವಳ್ಳಿ ಶಿಕಾರಿಪುರ ತಾಲ್ಲೂಕಿನದು, ಇದಲ್ಲ.)

ಶಾಸನವೆಂದರೆ ರಾಜಾಜ್ಞೆ ಎಂಬ ತಿಳಿವಳಿಕೆ ನಮ್ಮಲ್ಲಿ ಬೇರೂರಿಬಿಟ್ಟಿದೆ. ಮಂಡ್ಯ ತಾಲ್ಲೂಕಿನ ಹಲ್ಲೆಗೆರೆಯಲ್ಲಿ ಸಿಕ್ಕಿದ, ಗಂಗ ಶಿವಮಾರನ ಕಾಲದ 713ರ ತಾಮ್ರಪಟಗಳಂಥವಕ್ಕೆ ಅದು ಒಪ್ಪುವ ಮಾತು. ಆದರೆ ಊರೂರಿನ ಕಲ್ಲುಗಳಲ್ಲಿ ಬಹುಪಾಲು ರಾಜ ಹಾಕಿಸಿದವಲ್ಲ. ದನ ಬಿಡಿಸಲು ಹೋಗಿ ಸತ್ತವನಿಗೆ ಮನೆಯವರು ನಿಲ್ಲಿಸಿದ ವೀರಗಲ್ಲು, ಕೆರೆ ಕಟ್ಟಿಸಿದ ಗಾವುಂಡ ಬರೆಸಿದ್ದು, ದೇವರ ನಂದಾದೀಪಕ್ಕೆ ಎಣ್ಣೆ ಬಿಟ್ಟ ವ್ಯಾಪಾರಿಗಳದ್ದು, ಅಗ್ರಹಾರದ ಮಹಾಜನರು ತಮ್ಮೊಳಗೆ ಮಾಡಿಕೊಂಡ ಒಪ್ಪಂದ, ಹೀಗೆ. ಅರಸನ ಹೆಸರು ಮೊದಲ ಸಾಲಿನಲ್ಲಿ ಬರುವುದು ಎಷ್ಟೋ ಕಡೆ ಕಾಲ ಗುರುತಿಸುವುದಕ್ಕೆ ಮಾತ್ರ. ಮಿಕ್ಕದ್ದೆಲ್ಲ ಊರಿನವರ ಬರಹ. ಆದ್ದರಿಂದ ಅದನ್ನು ಕಾಯುವ ನಿಯಮವೂ ಅರಮನೆಯನ್ನು ನೆಚ್ಚಿಕೊಂಡು ಕೂರುವಂತಿರಲಿಲ್ಲ.

ಮದ್ದೂರು ತಾಲ್ಲೂಕಿನ ಆತಕೂರಿನ ಕಲ್ಲನ್ನೇ ನೋಡೋಣ. ಕಾಲ ಕ್ರಿ.ಶ. 949-50. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಅವನ ಪರವಾಗಿ ಗಂಗ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ್ದಾರೆ, ಚೋಳ ರಾಜಾದಿತ್ಯ ಸತ್ತಿದ್ದಾನೆ. ಆ ಕಾಳಗದಲ್ಲಿ ಶೌರ್ಯ ತೋರಿದ ಬೂತುಗನ ಭಟ ಮಣಲೆರನಿಗೆ, ಬೇಕಾದ್ದನ್ನು ಕೇಳು ಎಂದಾಗ, ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯ ಮೇಲೆ ಬಿದ್ದು, ಎರಡೂ ಕಾದಾಡಿ ಸತ್ತವು. ಮಣಲೆರ ಆತಕೂರಿನ ಚಲ್ಲೇಶ್ವರನ ಗುಡಿಯ ಮುಂದೆ ಕಲ್ಲು ನಿಲ್ಲಿಸಿ, ಅದರ ಪೂಜೆಗೆಂದು ಎರಡು ಖಂಡುಗ ಗದ್ದೆ ಬಿಡಿಸಿದ.

ನಾಯಿಯ ಕಥೆ ಎಲ್ಲರಿಗೂ ಗೊತ್ತು. ಶಾಸನದ ಕೊನೆಯ ಭಾಗದ ಕಡೆಗೆ ಮಾತ್ರ ಗಮನ ಹರಿಯುವುದು ಕಡಿಮೆ. ಆ ಭೂಮಿಯನ್ನು ಅಳಿದವನು ಒಕ್ಕಲಾಗಿರಲಿ, ನಾಡನ್ನು ಆಳುವವನಾಗಿರಲಿ, ಊರನ್ನು ಆಳುವವನಾಗಿರಲಿ, ನಾಯಿ ಮಾಡಿದ ಪಾಪ ಅವನಿಗೆ ಎಂದು ಅದು ಹೇಳುತ್ತದೆ. ಮೂರು ಅಂತಸ್ತಿನವರನ್ನು ಹೆಸರಿಸಿ, ಒಂದೇ ಸಾಲಿನಲ್ಲಿ ನಿಲ್ಲಿಸಿ, ಒಂದೇ ಶಿಕ್ಷೆ. ಅಷ್ಟಕ್ಕೇ ಬಿಡದೆ ಇನ್ನೊಂದು ಕಟ್ಟಳೆಯೂ ಇದೆ. ಆ ಸ್ಥಾನವನ್ನು ನೋಡಿಕೊಳ್ಳುವ ಗೊರವ, ಅಂದರೆ ಶೈವ ಪೂಜಾರಿ, ಕಲ್ಲನ್ನು ಪೂಜಿಸದೆ ಉಂಡರೆ ಅವನಿಗೂ ಅದೇ ಪಾಪ. ಕೆಡಿಸಬೇಡ ಎಂದರೆ ಸಾಲದು, ದಿನವೂ ಅದರ ಮುಂದೆ ಹೋಗಿ ನಿಲ್ಲುವವನೊಬ್ಬ ಬೇಕು ಎಂಬುದನ್ನು ಆ ಕಲ್ಲು ಬರೆಸಿದವರು ಅರಿತಿದ್ದರು. ಗದ್ದೆ, ಪೂಜೆ, ಊಟ ಈ ಮೂರನ್ನೂ ಒಂದಕ್ಕೊಂದು ಗಂಟುಹಾಕಿದ ಈ ಏರ್ಪಾಡು ಎಷ್ಟೋ ಸರ್ಕಾರಿ ಸುತ್ತೋಲೆಗಳಿಗಿಂತ ಬುದ್ಧಿವಂತಿಕೆಯದೆಂದು ನನಗೆ ತೋರುತ್ತದೆ.

ಬೇರೆ ಶಾಸನಗಳ ಶಾಪಗಳು ಇನ್ನೂ ಭಯಂಕರವಾಗಿವೆ. ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಅಪಹರಿಸಿದವನು ಅರವತ್ತು ಸಾವಿರ ವರ್ಷ ಹೇಲಿನಲ್ಲಿ ಹುಳುವಾಗಿ ಹುಟ್ಟುತ್ತಾನೆ ಎಂಬ ಸಂಸ್ಕೃತ ಶ್ಲೋಕ ನೂರಾರು ಕಡೆ ಬರುತ್ತದೆ. ವಾರಾಣಸಿಯಲ್ಲಿ ಸಾವಿರ ಕವಿಲೆಯನ್ನು ಕೊಂದ ಪಾಪ ಎಂಬುದು ಕನ್ನಡದಲ್ಲಿ ಅಷ್ಟೇ ಬಳಕೆಯ ಮಾತು. ಇದನ್ನೆಲ್ಲ ಮೂಢನಂಬಿಕೆ ಎಂದು ನಕ್ಕುಬಿಡುವುದು ಸುಲಭ. ಆದರೆ ನೂರು ವರ್ಷದ ಮೇಲೆ ಬರುವ ಅರಸ ಯಾವ ವಂಶದವನೋ, ಯಾವ ಭಾಷೆಯವನೋ ಯಾರಿಗೂ ಗೊತ್ತಿಲ್ಲ. ಅವನನ್ನು ಕಟ್ಟಿಹಾಕುವ ನ್ಯಾಯಾಲಯವೂ ಇಲ್ಲ. ಆಗ ಉಳಿಯುವ ದಾರಿ ಎರಡೇ, ಹೆದರಿಸುವುದು ಮತ್ತು ಬೇಡಿಕೊಳ್ಳುವುದು. ಬೇಡಿಕೊಳ್ಳುವ ಶ್ಲೋಕವೂ ಇದೆ. ಅದರಲ್ಲಿ ಮುಂದೆ ಬರುವ ದೊರೆಗಳನ್ನೆಲ್ಲ, ಈ ಧರ್ಮದ ಸೇತುವೆಯನ್ನು ಕಾಪಾಡಿರೆಂದು ಶ್ರೀರಾಮನೇ ಮತ್ತೆ ಮತ್ತೆ ಯಾಚಿಸುತ್ತಾನೆ. ಕೊಡುವುದಕ್ಕಿಂತ ಕೊಟ್ಟದ್ದನ್ನು ಕಾಯುವುದೇ ಮೇಲು ಎಂದು ಪುಣ್ಯದ ಆಸೆ ತೋರಿಸುವ ಇನ್ನೊಂದು ಶ್ಲೋಕವೂ ಇದರ ಜೊತೆಯದೇ.

ಹಾಗಾದರೆ ಒಮ್ಮೆ ಬರೆದದ್ದನ್ನು ತಿದ್ದುವಂತೆಯೇ ಇರಲಿಲ್ಲವೆ? ಇತ್ತು. ಆದರೆ ತಿದ್ದುವ ಕ್ರಮ ಹಳೆಯದನ್ನು ಕೆತ್ತಿಹಾಕುವುದಲ್ಲ, ಕೆಳಗೋ ಪಕ್ಕದ ಮುಖದಲ್ಲೋ ಹೊಸದನ್ನು ಸೇರಿಸುವುದು. ನಿಂತುಹೋಗಿದ್ದ ದತ್ತಿಯನ್ನು ಮತ್ತೆ ನಡೆಸಿದಾಗ, ಹಿಂದೆ ಹೀಗಿತ್ತು, ನಡುವೆ ಕೆಟ್ಟಿತ್ತು, ಈಗ ಪುನಃ ಬಿಟ್ಟಿದ್ದೇವೆ ಎಂದು ಬರೆಯುತ್ತಿದ್ದರು. ಸಾಕ್ಷಿಗಳ ಹೆಸರು, ಎಲ್ಲೆಯ ಗುರುತು, ತಿಥಿ ವಾರ ಎಲ್ಲವೂ ಮತ್ತೊಮ್ಮೆ. ಹೀಗಾಗಿ ಒಂದೇ ಕಲ್ಲಿನಲ್ಲಿ ಎರಡು ಮೂರು ಕಾಲದ ಕೈಬರಹ ಕಾಣುವುದುಂಟು.

ಪೂರ್ತಿ ರದ್ದುಮಾಡಲು ಎಲ್ಲರೂ ಒಪ್ಪುವ ಒಂದು ಕಾರಣವಿತ್ತು, ಅದು ಸುಳ್ಳು ಶಾಸನ. ‘ಕೂಟಶಾಸನ’ ಮಾಡಿದವನಿಗೆ ಮನುಸ್ಮೃತಿ ಮರಣದಂಡನೆ ಹೇಳುತ್ತದೆ. ಉತ್ತರ ಪ್ರದೇಶದ ಮಧುಬನದಲ್ಲಿ ಸಿಕ್ಕಿದ ಹರ್ಷವರ್ಧನನ 631ರ ತಾಮ್ರಪಟ ಇದಕ್ಕೆ ಒಳ್ಳೆಯ ಉದಾಹರಣೆ. ಸೋಮಕುಂಡಕಾ ಎಂಬ ಗ್ರಾಮವನ್ನು ಒಬ್ಬ ಬ್ರಾಹ್ಮಣ ಕೂಟಶಾಸನದ ಬಲದಿಂದ ಅನುಭವಿಸುತ್ತಿದ್ದನು. ಹರ್ಷ ಆ ಪಟವನ್ನು ಮುರಿಸಿ, ಗ್ರಾಮವನ್ನು ಬೇರೆಯವರಿಗೆ ಕೊಟ್ಟ. ಗಮನಿಸಬೇಕಾದದ್ದೆಂದರೆ, ಮುರಿದ ಸಂಗತಿಯನ್ನೂ ಮುರಿದ ಕಾರಣವನ್ನೂ ಹೊಸ ಪಟದಲ್ಲಿ ಬರೆಸಿದ. ನಮ್ಮ ಗಂಗರ ತಾಮ್ರಪಟಗಳಲ್ಲೂ ಅನೇಕವು ಕೃತಕವೆಂದು ಜೆ.ಎಫ್. ಫ್ಲೀಟ್ ವಾದಿಸಿದ್ದರು, ರೈಸ್ ಅದನ್ನು ಒಪ್ಪಲಿಲ್ಲ. ಇರಲಿ, ಕೃತಕವೆನಿಸಿದ ಪಟಗಳನ್ನು ಇಂದು ಯಾರೂ ಕರಗಿಸುವುದಿಲ್ಲ. ಯಾರು, ಯಾವ ಆಸೆಗೆ ಅದನ್ನು ಸೃಷ್ಟಿಸಿದರು ಎಂಬುದೂ ಚರಿತ್ರೆಯೇ.

ಅಳಿವಿನಿಂದ ತಪ್ಪಿಸಿಕೊಳ್ಳುವ ಇನ್ನೊಂದು ಉಪಾಯ ಪ್ರತಿ ಮಾಡಿಸುವುದು. ಜೈನರಿಗೂ ಶ್ರೀವೈಷ್ಣವರಿಗೂ ಬಂದ ವ್ಯಾಜ್ಯವನ್ನು ಬುಕ್ಕರಾಯ 1368ರಲ್ಲಿ ತೀರ್ಮಾನಿಸಿದಾಗ, ಆ ಒಪ್ಪಂದದ ಕಲ್ಲು ಶ್ರವಣಬೆಳಗೊಳದಲ್ಲೂ ಮಾಗಡಿ ತಾಲ್ಲೂಕಿನ ಕಲ್ಯದಲ್ಲೂ ನಿಂತಿತು. ಅದನ್ನು ಮೀರಿದವನು ರಾಜನಿಗೆ ದ್ರೋಹಿ ಮಾತ್ರವಲ್ಲ, ಸಂಘಕ್ಕೂ ಸಮುದಾಯಕ್ಕೂ ದ್ರೋಹಿ ಎಂದು ಬರೆದಿದೆ. ಹುಳುವಿನ ಜನ್ಮದ ಬೆದರಿಕೆಗಿಂತ ಈ ಮಾತೇ ಹೆಚ್ಚು ನಾಟುತ್ತಿತ್ತೇನೋ.

ಈ ವ್ಯವಸ್ಥೆ ಕುಸಿದದ್ದು ದಾಳಿಕಾರರಿಂದ ಎಂದು ಹೇಳಿ ಸುಮ್ಮನಾಗುವುದು ನಮ್ಮ ರೂಢಿ. ನನ್ನ ಮಟ್ಟಿಗೆ ದೊಡ್ಡ ಕಾರಣ ಬೇರೆ. ಲಿಪಿ ಬದಲಾಗುತ್ತ ಹೋಗಿ ಊರಿನವರಿಗೆ ಕಲ್ಲು ಓದಲು ಬಾರದಂತಾಯಿತು. ಚೋಳರ ಕಾಲದ ತಮಿಳು ಶಾಸನಗಳಿರುವ ಮದ್ದೂರು, ಮಳವಳ್ಳಿಯ ಊರುಗಳಲ್ಲಂತೂ ಭಾಷೆಯೇ ಬೇರೆ. ಆಮೇಲೆ ಜಮೀನಿನ ಹಕ್ಕು ಕಂದಾಯ ಇಲಾಖೆಯ ಪುಸ್ತಕಕ್ಕೆ ಸೇರಿತು. ಮೈಸೂರಿನ 1954 ಮತ್ತು 1955ರ ಇನಾಂ ರದ್ದಿಯಾತಿ ಕಾನೂನುಗಳು ಬಂದ ಮೇಲೆ ದತ್ತಿಗಳೇ ಇಲ್ಲವಾದವು. ಇನಾಂ ಪದ್ಧತಿ ಹೋಗಬೇಕಾದದ್ದೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದರ ಜೊತೆಯಲ್ಲಿ ಕಲ್ಲಿನ ಕಾವಲುಗಾರನೂ ಹೋದ. ಕಾಯಬೇಕಾದ ಗದ್ದೆ ಇಲ್ಲ, ಓದಲು ಬಾರದ ಶಾಪಕ್ಕೆ ಹೆದರುವವರಿಲ್ಲ.

ಇಂದು ಅಕ್ಷರ ಅಳಿಯುವುದು ಬಹುಮಟ್ಟಿಗೆ ದ್ವೇಷದಿಂದಲ್ಲ, ಉಪಯೋಗದಿಂದ ಮತ್ತು ಭಕ್ತಿಯಿಂದ. ಚಪ್ಪಟೆ ಕಲ್ಲು ಬಟ್ಟೆ ಒಗೆಯಲು, ಮೋರಿಗೆ ಹಾಸಲು, ಮೆಟ್ಟಿಲಿಗೆ ಹೇಳಿಮಾಡಿಸಿದಂತಿರುತ್ತದೆ. ಕೆಳಗೆ ನಿಧಿ ಇದೆಯೆಂದು ವೀರಗಲ್ಲನ್ನು ಕೆಡವುವವರುಂಟು. ಇನ್ನು ಭಕ್ತರು ಎಣ್ಣೆ, ಅರಿಶಿನ, ಸುಣ್ಣ ಬಳಿದು ಅಕ್ಷರದ ಗೆರೆ ಮುಚ್ಚುತ್ತಾರೆ. ಇವೆಲ್ಲವನ್ನೂ ಮೀರಿಸಿದ್ದು ಜೀರ್ಣೋದ್ಧಾರದ ಹೆಸರಿನಲ್ಲಿ ಮರಳನ್ನು ರಭಸದಿಂದ ಚಿಮ್ಮಿಸಿ ಗೋಡೆ ‘ಸ್ವಚ್ಛ’ ಮಾಡುವ ಯಂತ್ರ. ಸುಣ್ಣವನ್ನಾದರೂ ತೊಳೆಯಬಹುದು. ಮರಳಿನ ಹೊಡೆತಕ್ಕೆ ಸವೆದ ಅಕ್ಷರ ಮರಳಿ ಬಾರದು.

ಅಚ್ಚಾಗಿದೆಯಲ್ಲ, ಕಲ್ಲು ಹೋದರೇನು ಎಂದು ಕೇಳುವವರಿದ್ದಾರೆ. ಉತ್ತರಕ್ಕೆ ಆತಕೂರಿಗೇ ಮರಳಬೇಕು. ಫ್ಲೀಟ್ ಅವರ ಮೊದಲ ಓದಿನಲ್ಲಿ, ಬೂತುಗ ರಾಜಾದಿತ್ಯನನ್ನು ವಿಶ್ವಾಸಘಾತದಿಂದ ಕೊಂದನೆಂಬ ಅರ್ಥ ಬಂದಿತ್ತು. ಅವರೇ ಮುಂದೆ ಅದನ್ನು ಮತ್ತೆ ಪರಿಶೀಲಿಸಿದಾಗ ಅರ್ಥ ಬದಲಾಯಿತು. ಬೂತುಗ ಆನೆಯ ಮೇಲಿನ ‘ಬಿಸುಗೆ’ಯನ್ನೇ, ಎಂದರೆ ಅಂಬಾರಿಯನ್ನೇ, ರಣರಂಗವಾಗಿಸಿಕೊಂಡು ಎದುರಾಳಿಯನ್ನು ಇರಿದು ಕೊಂದಿದ್ದ. ರಾಜಾದಿತ್ಯ ಆನೆಯ ಮೇಲೆ ಮಡಿದನೆಂದು ಚೋಳರ ದಾಖಲೆಗಳೂ ಹೇಳುತ್ತವೆ. ಎರಡು ಮೂರು ಅಕ್ಷರಗಳ ವ್ಯತ್ಯಾಸ, ಒಬ್ಬ ಮನುಷ್ಯನ ಮೇಲಿನ ಕಳಂಕ. ಮೊದಲ ಓದು ಅಚ್ಚಾದ ಕೂಡಲೇ ಕಲ್ಲು ಒಡೆದುಹೋಗಿದ್ದರೆ, ಬರಹಕ್ಕೆ ಮತ್ತೆ ಹೋಗಿ ನೋಡುವ ದಾರಿ ಅಷ್ಟರಮಟ್ಟಿಗೆ ಮುಚ್ಚಿರುತ್ತಿತ್ತು.

ಕಾನೂನು ಇಲ್ಲವೆಂದಲ್ಲ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಅಧಿನಿಯಮದಂತೆ, 2010ರ ತಿದ್ದುಪಡಿಯ ನಂತರ, ಸಂರಕ್ಷಿತ ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಉಂಟು. ರಾಜ್ಯದ್ದೂ 1961ರ ಒಂದು ಕಾನೂನಿದೆ. ತೊಡಕು ‘ಸಂರಕ್ಷಿತ’ ಎಂಬ ಮಾತಿನಲ್ಲಿದೆ. ಪಟ್ಟಿಯಲ್ಲಿರುವ ಗುಡಿಗೆ ಬೇಲಿ, ಫಲಕ ಎರಡೂ ಸಿಗುತ್ತವೆ. ಹೊಲದ ಬದುವಿನಲ್ಲಿ ವಾಲಿಕೊಂಡಿರುವ ಕಲ್ಲು ಯಾವ ಪಟ್ಟಿಯಲ್ಲೂ ಇಲ್ಲ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಿಂದ ಆ ಊರಿನ ಸುತ್ತಲ ಶಾಸನಗಳನ್ನು ಮೂರು ಆಯಾಮದ ಸ್ಕ್ಯಾನ್ ಮೂಲಕ ದಾಖಲಿಸತೊಡಗಿದೆ. ಕಣ್ಣಿಗೆ ಕಾಣದಷ್ಟು ಸವೆದ ಗೆರೆಯೂ ಅದರಲ್ಲಿ ಮೂಡುತ್ತದೆ. ಮಂಡ್ಯದ ಸೀಮೆಯಲ್ಲೂ ಅಂಥ ಕೆಲಸಕ್ಕೆ ಕಲ್ಲುಗಳು ಕಾದಿವೆ. ಅಲ್ಲಿಯವರೆಗೆ ಕಲ್ಲು ಕಂಡವರು ಅದನ್ನು ಉಜ್ಜದೆ, ಬಣ್ಣ ಬಳಿಯದೆ, ಇಳಿಬಿಸಿಲಿನಲ್ಲಿ ಪಕ್ಕದಿಂದ ಒಂದು ಫೋಟೊ ತೆಗೆದು ಪುರಾತತ್ವ ಇಲಾಖೆಗೆ ತಿಳಿಸಿದರೂ ಸಾಕು.

ಆತಕೂರಿನ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದೆ. ಪೂಜೆ ಇಲ್ಲ, ಗದ್ದೆ ಇಲ್ಲ. ನಾಯಿ ಹಂದಿಗಳ ಕಾದಾಟವೂ ಅದರ ಸುತ್ತಲ ಅಕ್ಷರಗಳೂ ಮಾತ್ರ ಇನ್ನೂ ಓದಲು ಸಿಗುವಂತಿವೆ.