ಕ್ರೌನ್ ಬದಲಿಸಿದರೆ ಮೈಲೇಜು ಹೆಚ್ಚುವುದೇ?

ಗದಗ: ವಾಹನದ ಹಿಂಬದಿಯ ಕ್ರೌನ್-ಪಿನಿಯನ್ ಬದಲಿಸಿದರೆ ಇಂಧನ ಉಳಿಯುತ್ತದೆ ಎಂಬ ಮಾತು ಅರ್ಧ ಸತ್ಯ.

ಗೇರ್‌ಬಾಕ್ಸ್‌ನಿಂದ ಬಂದ ವೇಗವನ್ನು ಕೊನೆಯದಾಗಿ ತಗ್ಗಿಸಿ ಚಕ್ರಕ್ಕೆ ಒಪ್ಪಿಸುವುದು ಈ ಜೋಡಿ. ಹೊಲಗೆಲಸಕ್ಕೂ ಒದಗಲೆಂದು ತಯಾರಾದ ವಿಲ್ಲಿಸ್ ಸಿಜೆ-2ಎ ಜೀಪಿನ ಕ್ರೌನ್‌ಗೆ 43 ಹಲ್ಲು, ಪಿನಿಯನ್‌ಗೆ 8. ಅಂದರೆ ಚಕ್ರದ ಒಂದು ಸುತ್ತಿಗೆ ಶಾಫ್ಟ್ ಸುಮಾರು 5.38 ಸುತ್ತು ತಿರುಗಬೇಕು. ಎಳೆಯುವ ಶಕ್ತಿ ಹೆಚ್ಚು, ಹೆದ್ದಾರಿಯಲ್ಲಿ ಎಂಜಿನ್‌ನ ಅರಚಾಟವೂ ಹೆಚ್ಚು.

4.1 ಅನುಪಾತದ (41/10) ಜಾಗದಲ್ಲಿ 3.73 (41/11) ಅಳವಡಿಸಿದರೆ ಅದೇ ವೇಗದಲ್ಲಿ ಎಂಜಿನ್ ಸುತ್ತು ಶೇ 9ರಷ್ಟು ಇಳಿಯುತ್ತದೆ. ಇಂಧನ ಮಾತ್ರ ಅಷ್ಟು ಇಳಿಯದು. ಗಾಳಿಯ ಮತ್ತು ಟೈರಿನ ಪ್ರತಿರೋಧ ಹಾಗೆಯೇ ಇರುತ್ತದೆ. ಉಳಿಯುವುದು ಎಂಜಿನ್‌ನ ಒಳಗಿನ ಘರ್ಷಣೆಯಂತಹ ನಷ್ಟದ ಒಂದು ಪಾಲಷ್ಟೆ.

ಗದಗ-ಬೆಟಗೇರಿಯಿಂದ ಲಕ್ಷ್ಮೇಶ್ವರದತ್ತ ಎರೆಭೂಮಿಯ ಬಯಲಿನಲ್ಲಿ ಟಾಪ್ ಗೇರಿನಲ್ಲೇ ಸಾಗುವವರಿಗೆ ಈ ಲಾಭ ಸಿಕ್ಕೀತು. ಕಪ್ಪತಗುಡ್ಡದ ಸೆರಗಿನ ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಏರುಗಳಲ್ಲಿ ಈರುಳ್ಳಿ ಚೀಲ ಹೇರಿಕೊಂಡು ಬರುವ ವಾಹನ ಮತ್ತೆ ಮತ್ತೆ ಮೂರನೇ ಗೇರಿಗೆ ಇಳಿಯುತ್ತದೆ. ಉಳಿತಾಯ ಅಲ್ಲೇ ಕರಗುತ್ತದೆ, ಕ್ಲಚ್ಚೂ ಸವೆಯುತ್ತದೆ.

ಹಲವರು ಮರೆಯುವುದು ಮೀಟರ್ ಅನ್ನು. ಹಳೆಯ ವಾಹನಗಳಲ್ಲಿ ಅದರ ಕೇಬಲ್ ಗೇರ್‌ಬಾಕ್ಸ್‌ನಿಂದ ಬರುತ್ತದೆ. ಮೇಲಿನ ಬದಲಾವಣೆಯ ಬಳಿಕ 100 ಕಿ.ಮೀ. ಓಡಿದರೂ ಅದು 91 ಎಂದೇ ತೋರಿಸುತ್ತದೆ. ಮುಳ್ಳು 60ರಲ್ಲಿದ್ದಾಗ ನಿಜವಾದ ವೇಗ 66. ಮೈಲೇಜು ಕುಸಿಯಿತೆಂದು ಗ್ಯಾರೇಜಿಗೆ ಓಡುವ ಮುನ್ನ ರಸ್ತೆಬದಿಯ ಕಿಲೋಮೀಟರ್ ಕಲ್ಲುಗಳೊಡನೆ ಮೀಟರ್ ತಾಳೆ ನೋಡುವುದು ಲೇಸು.

ನಾಲ್ಕೂ ಚಕ್ರ ಎಳೆಯುವ ಜೀಪಿನಲ್ಲಾದರೆ ಮುಂದಿನ ಜೋಡಿಯನ್ನೂ ಅದೇ ಅನುಪಾತಕ್ಕೆ ಬದಲಿಸಲೇಬೇಕು, ಖರ್ಚು ಇಮ್ಮಡಿ.